ಕಿವಿಯು ಕೇಳುವುದು, ಮಿದುಳು ಅರಿಯುವುದು



ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಪ್ರತಿ ವರ್ಷವೂ ವಿದ್ಯಾರ್ಥಿಗಳ ತಿಳಿವಳಿಕೆಗೂ ಪೋಷಕರ ಉಪಯೋಗಕ್ಕೂ ಒದಗುವಂತಹ ಒಂದು ಪಾಠವನ್ನು ಬರೆಯುವುದು ರೂಢಿಯಾಗಿದೆ. ಈ ಬಾರಿ ನಾವು ಆರಿಸಿಕೊಂಡಿರುವ ವಿಷಯವು ಮೇಲ್ನೋಟಕ್ಕೆ ವೈದ್ಯರಿಗೆ ಸೇರಿದುದೆಂದು ತೋರಬಹುದು. ಚಿಕ್ಕ ಮಕ್ಕಳ ಮಿದುಳು ಶಬ್ದವನ್ನು ಹೇಗೆ ಗ್ರಹಿಸುತ್ತದೆ, ಮಾತು ಕಲಿಯುವುದರಲ್ಲಿ ತೊಡಕಿರುವ ಮಕ್ಕಳಲ್ಲಿ ಆ ಗ್ರಹಿಕೆ ಹೇಗೆ ಬೇರೆಯಾಗಿರುತ್ತದೆ ಎಂಬುದೇ ಆ ವಿಷಯ. ಇದನ್ನು ಆರಿಸಿಕೊಂಡುದಕ್ಕೆ ನಮ್ಮ ಶಾಲೆಯಲ್ಲಿಯೇ ನಡೆದ ಒಂದು ಸಂಗತಿ ಕಾರಣ. ಅದನ್ನು ಮೊದಲು ಹೇಳಿ, ಅನಂತರ ಪಾಠಕ್ಕೆ ಬರುತ್ತೇವೆ.

ನಾಲ್ಕು ವರ್ಷಗಳ ಕೆಳಗೆ ಕಂಬಂ ಕಡೆಯ ಒಂದು ಒಕ್ಕಲು ಮನೆತನದ ಬಾಲಕನು ನಮ್ಮಲ್ಲಿ ಒಂದನೆಯ ತರಗತಿಗೆ ಸೇರಿದನು. ಹುಡುಗನು ಚುರುಕು, ಗೋಲಿಯಾಟದಲ್ಲಿ ಅವನನ್ನು ಗೆಲ್ಲುವವರಿರಲಿಲ್ಲ. ಆದರೆ ತರಗತಿಯಲ್ಲಿ ಹೇಳಿದುದನ್ನು ಕೇಳುತ್ತಿರಲಿಲ್ಲ. "ಪುಸ್ತಕವನ್ನು ಚೀಲದಲ್ಲಿಟ್ಟು, ಸ್ಲೇಟನ್ನು ತೆಗೆದುಕೊಂಡು, ಬಾಗಿಲ ಬಳಿ ಸಾಲಾಗಿ ನಿಲ್ಲಿ" ಎಂದರೆ, ಇವನು ಬರಿಗೈಯಲ್ಲಿ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದನು. ನಾವು ಅದನ್ನು ಅವಿಧೇಯತೆಯೆಂದು ತಿಳಿದೆವು. ಎರಡು ಮೂರು ಸಲ ಅವನನ್ನು ತರಗತಿಯ ಹೊರಗೆ ನಿಲ್ಲಿಸಿದುದೂ ಉಂಟು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕೊನೆಗೆ ಅವನ ತಾಯಿಯನ್ನು ಕರೆಸಿದೆವು. ಆಕೆ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತ ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ: "ಅಯ್ಯಾ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಎರಡು ಮಾತು ಸೇರಿ ಮಗುವಿಗೆ ತಲೆ ಗೊಂದಲವಾಗಿದೆ, ಕನ್ನಡ ನಿಲ್ಲಿಸಿಬಿಡಿ ಎಂದು ತಿಳಿದವರೊಬ್ಬರು ಹೇಳಿದರು. ಆರು ತಿಂಗಳಿಂದ ನಾನು ಅವನೊಡನೆ ಹೆಚ್ಚು ಮಾತನಾಡಿಯೇ ಇಲ್ಲ. ತಮಿಳಿನಲ್ಲಿ ನಾನು ಸಂತೆಯಲ್ಲಿ ಚೌಕಾಶಿ ಮಾಡಬಲ್ಲೆ. ಮಗುವಿಗೆ ಕಥೆ ಹೇಳಲಾರೆ."

ಆ ತಾಯಿಗೆ ಅಂದು ಉತ್ತರ ಹೇಳುವಷ್ಟು ತಿಳಿವಳಿಕೆ ನಮಗಿರಲಿಲ್ಲ. ಅಂದಿನಿಂದ ಓದಿಯೂ, ಬಲ್ಲವರನ್ನು ಕೇಳಿಯೂ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಕಣಿವೆಯ ಮನೆಮಾತು

ಕಂಬಂ ಕಣಿವೆಯಲ್ಲಿ ಕನ್ನಡವು ನಿನ್ನೆ ಮೊನ್ನೆ ಬಂದುದಲ್ಲ. ಇಲ್ಲಿ ಕಾಪಿಲಿಯರ್ ಎಂದು ಕರೆಯಲ್ಪಡುವ ಒಕ್ಕಲಿಗರು ಶತಮಾನಗಳ ಹಿಂದೆ ಕನ್ನಡ ಸೀಮೆಯಿಂದ ದನಕರುಗಳೊಡನೆ ಬಂದು ನೆಲೆಸಿದವರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮದುರೆ, ದಿಂಡಿಗಲ್ ಕಡೆಯ ಅನುಪ್ಪರಲ್ಲಿಯೂ, ತಮಿಳುನಾಡಿನ ದೇವಾಂಗ ನೇಕಾರರಲ್ಲಿ ಹಲವರಲ್ಲಿಯೂ ಮನೆಮಾತು ಕನ್ನಡವೇ. ಹೊಲ, ಸಂತೆ, ಬಸ್ಸು, ಕಚೇರಿಗಳಲ್ಲಿ ತಮಿಳು. ಅಡುಗೆಮನೆಯಲ್ಲಿ, ತೊಟ್ಟಿಲ ಬಳಿಯಲ್ಲಿ ಕನ್ನಡ. ನೆರೆಯಲ್ಲಿ ತೆಲುಗು ಮನೆಮಾತಿನವರೂ ಉಂಟು. ಹೀಗೆ ನಮ್ಮ ಮಕ್ಕಳು ಹುಟ್ಟಿದ ದಿನದಿಂದ ಎರಡು ಮೂರು ಭಾಷೆಗಳ ನಡುವೆ ಬೆಳೆಯುತ್ತಾರೆ. ಬಹುಪಾಲು ಮಕ್ಕಳು ಯಾವ ಕಷ್ಟವೂ ಇಲ್ಲದೆ ಅವನ್ನೆಲ್ಲ ಕಲಿಯುತ್ತಾರೆ. ಎಲ್ಲೋ ಒಬ್ಬ ಮಗು ಹಿಂದೆ ಬಿದ್ದಾಗ, ಆ ತಪ್ಪನ್ನು ಮನೆಮಾತಿನ ತಲೆಗೆ ಕಟ್ಟುವುದು ಸುಲಭ. ಅದು ಸರಿಯೋ ಎಂದು ತಿಳಿಯಬೇಕಾದರೆ, ಶಬ್ದವು ಕಿವಿಯಿಂದ ಮಿದುಳಿನವರೆಗೆ ಸಾಗುವ ದಾರಿಯನ್ನು ನೋಡಬೇಕು.

ಶಬ್ದವು ಸಾಗುವ ದಾರಿ

ವಿದ್ಯಾರ್ಥಿಗಳೇ, ಪೆರಿಯಾರ್ ನೀರು ನಮ್ಮ ಗದ್ದೆಗೆ ಬರುವ ಬಗೆಯನ್ನು ನೀವು ಬಲ್ಲಿರಿ. ಪಶ್ಚಿಮಕ್ಕೆ ಹರಿದು ಸಮುದ್ರ ಸೇರುತ್ತಿದ್ದ ನೀರನ್ನು ೧೮೯೫ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಿಂದ ತಡೆದು, ಬೆಟ್ಟದಲ್ಲಿ ಸುರಂಗ ಕೊರೆದು ಈ ಕಡೆಗೆ ತಿರುಗಿಸಿದವರು ಪೆನ್ನಿಕ್ವಿಕ್ ಎಂಬ ಇಂಜಿನಿಯರರು. ಅಣೆಕಟ್ಟಿನಿಂದ ಸುರಂಗಕ್ಕೆ, ಸುರಂಗದಿಂದ ಹೊಳೆಗೆ, ಹೊಳೆಯಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ನೀರು ಬರುತ್ತದೆ. ಪೈರು ಒಣಗಿದಾಗ ಬುದ್ಧಿವಂತನಾದ ರೈತನು ಬೀಜವನ್ನು ಬೈಯುವುದಿಲ್ಲ. ನೀರು ಎಲ್ಲಿ ನಿಂತಿದೆಯೆಂದು ಮಡೆಯಿಂದ ಮಡೆಗೆ ನೋಡುತ್ತ ಹೋಗುತ್ತಾನೆ. ಶಬ್ದದ ದಾರಿಯನ್ನೂ ಹಾಗೆಯೇ ನೋಡೋಣ.

ಮಾತನಾಡಿದಾಗ ಗಾಳಿಯಲ್ಲಿ ಅಲೆಗಳೇಳುತ್ತವೆ. ಅವು ಕಿವಿಯ ರಂಧ್ರದ ಮೂಲಕ ಹೋಗಿ ಕಿವಿಯ ತಮಟೆಯನ್ನು ನಡುಗಿಸುತ್ತವೆ. ತಮಟೆಯ ಹಿಂದೆ ಮೂರು ಪುಟ್ಟ ಎಲುಬುಗಳಿವೆ. ನಮ್ಮ ದೇಹದ ಎಲುಬುಗಳಲ್ಲೆಲ್ಲ ಇವೇ ಅತ್ಯಂತ ಚಿಕ್ಕವು. ಅವು ಆ ನಡುಕವನ್ನು ಒಳಕಿವಿಗೆ ದಾಟಿಸುತ್ತವೆ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ, ದ್ರವ ತುಂಬಿದ ಒಂದು ನಾಳವಿದೆ. ಅದರಲ್ಲಿ ಸುಮಾರು ೧೫,೦೦೦ ರೋಮಕೋಶಗಳು ಸಾಲಾಗಿ ನಿಂತಿವೆ. ನಾಳದ ಬುಡದ ಭಾಗವು ಕೀರಲು ಧ್ವನಿಗೂ, ತುದಿಯ ಭಾಗವು ದಪ್ಪ ಧ್ವನಿಗೂ ಓಗೊಡುತ್ತದೆ. ನಾಳದೊಳಗೆ ಅಲೆ ಸಾಗುವ ರೀತಿಯನ್ನು ಕಂಡುಹಿಡಿದುದಕ್ಕಾಗಿ ಗೇಯಾರ್ಗ್ ಫಾನ್ ಬೇಕೆಷಿ ಎಂಬ ವಿಜ್ಞಾನಿಗೆ ೧೯೬೧ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ರೋಮಕೋಶಗಳು ನಡುಕವನ್ನು ವಿದ್ಯುತ್ ಸಂಕೇತವನ್ನಾಗಿ ಮಾಡುತ್ತವೆ. ಸುಮಾರು ೩೦,೦೦೦ ಎಳೆಗಳುಳ್ಳ ಶ್ರವಣನರವು ಆ ಸಂಕೇತವನ್ನು ಮಿದುಳಿನ ಕಾಂಡಕ್ಕೆ ಒಯ್ಯುತ್ತದೆ. ಅಲ್ಲಿ ಹಲವು ನಿಲ್ದಾಣಗಳಿವೆ. ಎರಡು ಕಿವಿಗಳ ಸುದ್ದಿಯನ್ನು ಹೋಲಿಸಿ ಶಬ್ದ ಯಾವ ದಿಕ್ಕಿನದೆಂದು ತೀರ್ಮಾನಿಸುವುದೂ ಇಲ್ಲಿಯೇ ಆರಂಭವಾಗುತ್ತದೆ. ಅಲ್ಲಿಂದ ಮೇಲೇರಿ ಸಂಕೇತವು ಕಪಾಲದ ಪಕ್ಕದಲ್ಲಿ, ಕಿವಿಯ ಮೇಲ್ಭಾಗಕ್ಕೆ ಸರಿಯಾಗಿ ಇರುವ ಮಿದುಳಿನ ಹೊರಪದರವನ್ನು ಸೇರುತ್ತದೆ. ಶಬ್ದವು 'ಮಾತು' ಎನಿಸಿಕೊಳ್ಳುವುದು ಇಲ್ಲಿ. ಬಹುಮಂದಿಯಲ್ಲಿ ಮಾತಿನ ಕೆಲಸದ ಹೆಚ್ಚಿನ ಭಾರವನ್ನು ಎಡಭಾಗವು ಹೊರುತ್ತದೆ. ಎಡಭಾಗದ ಒಂದು ಕಡೆ ಪೆಟ್ಟಾದರೆ ಮಾತನಾಡುವ ಶಕ್ತಿ ಕುಂದುವುದೆಂದು ಫ್ರಾನ್ಸಿನ ಪಾಲ್ ಬ್ರೋಕಾ ೧೮೬೧ರಲ್ಲಿಯೂ, ಇನ್ನೊಂದು ಕಡೆ ಪೆಟ್ಟಾದರೆ ಮಾತು ಕೇಳಿಸಿದರೂ ಅರ್ಥವಾಗದೆಂದು ಜರ್ಮನಿಯ ಕಾರ್ಲ್ ವೆರ್ನಿಕೆ ೧೮೭೪ರಲ್ಲಿಯೂ ತೋರಿಸಿಕೊಟ್ಟರು.

ನೀರಿನ ಹೋಲಿಕೆ ಒಂದು ಕಡೆ ಸೋಲುತ್ತದೆಂಬುದನ್ನೂ ಹೇಳಬೇಕು. ನೀರು ಕೆಳಮುಖವಾಗಿ ಮಾತ್ರ ಹರಿಯುತ್ತದೆ. ಶ್ರವಣದ ದಾರಿಯಲ್ಲಾದರೋ ಮಿದುಳಿನಿಂದ ಕಿವಿಯ ಕಡೆಗೂ ಆಜ್ಞೆಗಳು ಇಳಿದು ಬರುತ್ತವೆ. ಗದ್ದಲದ ಸಂತೆಯಲ್ಲಿಯೂ ತಾಯಿಯ ಕೂಗನ್ನು ಮಗುವು ಗುರುತಿಸುವುದಕ್ಕೆ ಇದು ನೆರವಾಗುತ್ತದೆ. ಹಿಂದೆ ಕೇಳಿದ ಮಾತು ಇಂದು ಕೇಳುವ ಮಾತನ್ನು ಹಸನುಗೊಳಿಸುತ್ತದೆ.

ಕ್ಷಣಕ್ಕಿಂತ ಚಿಕ್ಕದಾದ ಕಾಲ

ಈಗ ಒಂದು ಸಣ್ಣ ಪ್ರಯೋಗ. ಗಂಟಲಿನ ಮೇಲೆ ಬೆರಳಿಟ್ಟುಕೊಂಡು 'ಕಾಳಿ' ಎನ್ನಿರಿ. ಅನಂತರ 'ಗಾಳಿ' ಎನ್ನಿರಿ. 'ಗಾಳಿ' ಎನ್ನುವಾಗ ನಾಲಗೆ ಬಿಡುವುದಕ್ಕೆ ಮೊದಲೇ ಗಂಟಲು ನಡುಗತೊಡಗುತ್ತದೆ. 'ಕಾಳಿ'ಯಲ್ಲಿ ನಾಲಗೆ ಬಿಟ್ಟ ಮೇಲೆ ನಡುಗುತ್ತದೆ. ಇವೆರಡರ ನಡುವಣ ಅಂತರವನ್ನು ಮಿಲಿಸೆಕೆಂಡಿನಿಂದ ಅಳೆಯಬೇಕು. ಒಂದು ಮಿಲಿಸೆಕೆಂಡೆಂದರೆ ಒಂದು ಸೆಕೆಂಡಿನ ಸಾವಿರದ ಒಂದು ಪಾಲು. 'ದ' ಎಂಬುದಕ್ಕೂ 'ಗ' ಎಂಬುದಕ್ಕೂ ಇರುವ ವ್ಯತ್ಯಾಸವಂತೂ ಧ್ವನಿಯ ಮೊದಲ ಕೆಲವೇ ಹತ್ತು ಮಿಲಿಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ.

ಕನ್ನಡದಲ್ಲಿ ಇಂತಹ ಸೂಕ್ಷ್ಮಗಳು ಹೆಜ್ಜೆಹೆಜ್ಜೆಗೂ ಇವೆ. ಕಾಲು, ಕಾಳು, ಮನೆ, ಮಣೆ, ನಡು, ನಾಡು, ಹಳಿ, ಹಳ್ಳಿ. ಒಂದೊಂದು ಜೋಡಿಯಲ್ಲಿಯೂ ನಾಲಗೆಯ ಚಿಕ್ಕ ಹೊರಳಿಕೆಯೋ, ಕಾಲದ ಚಿಕ್ಕ ಹಿಗ್ಗುವಿಕೆಯೋ ಅರ್ಥವನ್ನು ಬದಲಿಸುತ್ತದೆ. ತಮಿಳಿನ ಬರವಣಿಗೆಯಲ್ಲಿ 'ಕ' 'ಗ'ಗಳಿಗೆ ಒಂದೇ ಅಕ್ಷರ. ಅಲ್ಲಿ ಪದದೊಳಗಿನ ಸ್ಥಾನವೇ ಉಚ್ಚಾರಣೆಯನ್ನು ನಿರ್ಣಯಿಸುತ್ತದೆ. ಆದರೆ ನಮ್ಮಲ್ಲಿಲ್ಲದ ಒಂದು ವಿಶಿಷ್ಟವಾದ ಳಕಾರವು ತಮಿಳಿನಲ್ಲಿ ಇಂದಿಗೂ ಉಳಿದಿದೆ. ಒಂದೊಂದು ಭಾಷೆಯೂ ಕಿವಿಗೆ ಒಂದೊಂದು ಬಗೆಯ ಜರಡಿಯನ್ನು ಕೊಡುತ್ತದೆ.

ಆ ಜರಡಿ ಎಂದು ಸಿದ್ಧವಾಗುತ್ತದೆ? ಕೆನಡಾ ದೇಶದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿದ್ವಾಂಸರು ೧೯೮೪ರಲ್ಲಿ ಪ್ರಕಟಿಸಿದ ಪ್ರಯೋಗವು ನಮಗೆ ಬಹಳ ಹತ್ತಿರದ್ದು. ಅವರು ಇಂಗ್ಲಿಷ್ ಮನೆಮಾತಿನ ಹಸುಳೆಗಳಿಗೆ ಹಿಂದಿಯ 'ತ' 'ಟ'ಗಳನ್ನು ಕೇಳಿಸಿದರು. ಈ ಭೇದವು ಇಂಗ್ಲಿಷಿನಲ್ಲಿಲ್ಲ. ಆರರಿಂದ ಎಂಟು ತಿಂಗಳ ಹಸುಳೆಗಳಲ್ಲಿ ಬಹುಪಾಲು ಈ ಭೇದವನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಆ ಶಕ್ತಿ ಬಹಳ ಮಟ್ಟಿಗೆ ಕುಂದಿತ್ತು. ಹಿಂದಿ ಕೇಳುತ್ತ ಬೆಳೆದ ಹಸುಳೆಗಳಲ್ಲಿಯಾದರೋ ಅದು ಉಳಿದೇ ಇತ್ತು. ಎಂದರೆ, ಮಗುವು ಮೊದಲ ತೊದಲು ನುಡಿಯನ್ನಾಡುವುದಕ್ಕೆ ಮುನ್ನವೇ ಅದರ ಮಿದುಳು ಮನೆಯ ಮಾತಿಗೆ ತಕ್ಕಂತೆ ಹದಗೊಳ್ಳುತ್ತಿರುತ್ತದೆ. ತೊಟ್ಟಿಲ ಬಳಿಯ ಮಾತು ವ್ಯರ್ಥವಲ್ಲ.

ಮಾತಿನ ತೊಡಕಿರುವ ಮಕ್ಕಳ ಮಿದುಳು

ಕೆಲವು ಮಕ್ಕಳಿಗೆ ಕಿವಿ ಕೇಳಿಸುತ್ತದೆ; ಬುದ್ಧಿ ಮಂದವಲ್ಲ; ಮನೆಯಲ್ಲಿ ಮಾತಿನ ಕೊರತೆಯೂ ಇಲ್ಲ. ಆದರೂ ಮಾತು ತಡವಾಗಿ ಬರುತ್ತದೆ, ವಾಕ್ಯಗಳು ತುಂಡಾಗಿರುತ್ತವೆ, ಹೇಳಿದುದರಲ್ಲಿ ಅರ್ಧ ಮಾತ್ರ ತಿಳಿಯುತ್ತದೆ. ಇದಕ್ಕೆ ಈಗ 'ಬೆಳವಣಿಗೆಯ ಭಾಷಾದೋಷ' ಎಂಬರ್ಥದ ಹೆಸರನ್ನು ವಿದ್ವಾಂಸರು ಒಪ್ಪಿಕೊಂಡಿದ್ದಾರೆ. ಅಮೆರಿಕದ ಅಯೋವಾ ಸೀಮೆಯಲ್ಲಿ ಐದಾರು ವರ್ಷದ ಏಳು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ ೧೯೯೭ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಇಂತಹವರು ನೂರಕ್ಕೆ ಸುಮಾರು ಏಳು ಮಂದಿ. ಮೂವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಎಂದಾಯಿತು. ಉಪಾಧ್ಯಾಯರಾದ ನಾವು ಎಷ್ಟು ಮಂದಿಯನ್ನು ಸೋಮಾರಿಗಳೆಂದು ಬೆಂಚಿನ ಮೇಲೆ ನಿಲ್ಲಿಸಿರಬಹುದೆಂದು ಯೋಚಿಸಬೇಕು.

ಇಂತಹ ಮಕ್ಕಳ ಶ್ರವಣದ ದಾರಿಯಲ್ಲಿ ಏನು ನಡೆಯುತ್ತದೆ? ೧೯೭೩ರಲ್ಲಿ ಪೌಲಾ ಟಲ್ಲಾಲ್ ಮತ್ತು ಮಾಲ್ಕಂ ಪಿಯರ್ಸಿ ಎಂಬುವರು ಒಂದು ಪ್ರಯೋಗ ಮಾಡಿದರು. ಎರಡು ಕಿರಿದಾದ ನಾದಗಳನ್ನು ಒಂದರ ಹಿಂದೊಂದು ಕೇಳಿಸಿ, ಅವು ಬಂದ ಕ್ರಮವನ್ನು ಹೇಳುವಂತೆ ಮಕ್ಕಳನ್ನು ಕೇಳಿದರು. ನಾದಗಳ ನಡುವೆ ಸಾಕಷ್ಟು ಬಿಡುವಿದ್ದಾಗ ತೊಡಕಿರುವ ಮಕ್ಕಳೂ ಇತರರಂತೆಯೇ ಸರಿಯಾಗಿ ಹೇಳಿದರು. ಬಿಡುವು ಕಿರಿದಾದಂತೆ ಅವರು ತಪ್ಪತೊಡಗಿದರು, ಇತರರು ತಪ್ಪಲಿಲ್ಲ. ಶಬ್ದವು ಕೇಳಿಸದೆ ಹೋದುದಲ್ಲ. ಶಬ್ದಗಳು ಬರುವ ವೇಗಕ್ಕೆ ಮಿದುಳಿನ ಲೆಕ್ಕವು ಹೊಂದಿಕೊಳ್ಳಲಿಲ್ಲ.

ಮಗುವನ್ನು ಪ್ರಶ್ನಿಸದೆಯೇ ಮಿದುಳನ್ನು ಪರೀಕ್ಷಿಸುವ ಉಪಾಯವೂ ಉಂಟು. ತಲೆಯ ಮೇಲೆ ನೋವಿಲ್ಲದ ಚಿಕ್ಕ ಲೋಹದ ಬಿಲ್ಲೆಗಳನ್ನಿಟ್ಟು ಮಿದುಳಿನ ವಿದ್ಯುತ್ತನ್ನು ಅಳೆಯುತ್ತಾರೆ. 'ದ, ದ, ದ, ದ' ಎಂದು ಕೇಳಿಸುತ್ತಿದ್ದು ನಡುವೆ ಒಮ್ಮೆ 'ಗ' ಎಂದರೆ, ನಾವು ಗಮನ ಕೊಡದಿದ್ದರೂ ಮಿದುಳು ಆ ಬದಲಾವಣೆಯನ್ನು ಸೆಕೆಂಡಿನ ಕಾಲು ಭಾಗದೊಳಗೆ ಗುರುತಿಸಿ ಒಂದು ಸಣ್ಣ ಅಲೆಯನ್ನು ಎಬ್ಬಿಸುತ್ತದೆ. ಫಿನ್ಲೆಂಡಿನ ರಿಸ್ಟೋ ನೇಟನೆನ್ ಮತ್ತು ಸಂಗಡಿಗರು ೧೯೭೮ರಲ್ಲಿ ಈ ಅಲೆಯನ್ನು ವರ್ಣಿಸಿದರು. ಮಲಗಿರುವ ಹಸುಳೆಯಲ್ಲಿಯೂ ಇಂತಹ ಅಲೆಯನ್ನು ಕಾಣಬಹುದು. ಅಮೆರಿಕದ ನೀನಾ ಕ್ರೌಸ್ ಮತ್ತು ಸಂಗಡಿಗರು ೧೯೯೬ರಲ್ಲಿ ಕಲಿಕೆಯ ತೊಂದರೆಯುಳ್ಳ ಮಕ್ಕಳಲ್ಲಿ ಇದನ್ನು ಅಳೆದರು. 'ದ' 'ಗ'ಗಳ ಭೇದವನ್ನು ಹೇಳಲು ತಡವರಿಸುವ ಮಕ್ಕಳಲ್ಲಿ ಆ ಅಲೆಯೂ ಕ್ಷೀಣವಾಗಿತ್ತು. ಮಗುವು ಗಮನ ಕೊಡುವುದಕ್ಕೆ ಮೊದಲೇ ತೊಡಕು ಆರಂಭವಾಗಿತ್ತು ಎಂದರ್ಥ. "ಗಮನವಿಟ್ಟು ಕೇಳು" ಎಂದು ಗದರಿದರೆ ಅಂತಹ ಮಗುವಿಗೆ ಏನು ಪ್ರಯೋಜನ?

ಇಂಗ್ಲೆಂಡಿನ ಉಷಾ ಗೋಸ್ವಾಮಿಯವರು ಇನ್ನೊಂದು ಕಡೆಯಿಂದ ನೋಡಿದರು. ಮಾತಿಗೆ ಒಂದು ಲಯವಿದೆ. ಅಕ್ಷರ ಅಕ್ಷರಕ್ಕೂ ಧ್ವನಿಯು ಏರಿ ಇಳಿಯುತ್ತದೆ. ಭಾಷೆಯ ತೊಡಕಿರುವ ಮಕ್ಕಳಲ್ಲಿ ಹಲವರು ಈ ಏರಿಕೆಯ ತಾಳವನ್ನು ಸರಿಯಾಗಿ ಹಿಡಿಯಲಾರರೆಂದು ಅವರೂ ಅವರ ಸಂಗಡಿಗರೂ ೨೦೦೭ರಲ್ಲಿ ತೋರಿಸಿದರು. ತಾಳ ತಪ್ಪಿದರೆ ಪದ ಎಲ್ಲಿ ಮುಗಿಯಿತು, ಮುಂದಿನ ಪದ ಎಲ್ಲಿ ತೊಡಗಿತು ಎಂಬುದೇ ತಿಳಿಯದು.

ಮಿದುಳಿನ ಚಿತ್ರವನ್ನು ತೆಗೆದರೆ ಇಂತಹ ಮಕ್ಕಳಲ್ಲಿ ಕಣ್ಣಿಗೆ ಕಾಣುವ ಗಾಯವಾಗಲಿ ಕಲೆಯಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ೨೦೨೨ರಲ್ಲಿ ಇಂಗ್ಲೆಂಡಿನ ಸಂಶೋಧಕರು ಸೂಕ್ಷ್ಮವಾದ ಅಳತೆಗಳಿಂದ ಒಂದು ಅಂಶವನ್ನು ಕಂಡರು. ನರದ ಎಳೆಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿದೆ. ಸಂಕೇತವು ವೇಗವಾಗಿ ಸಾಗುವುದು ಅದರ ಬಲದಿಂದ. ಭಾಷಾದೋಷವುಳ್ಳ ಮಕ್ಕಳಲ್ಲಿ, ಅಭ್ಯಾಸದ ಕೆಲಸಗಳನ್ನು ಕಲಿಯಲು ನೆರವಾಗುವ ಮಿದುಳಿನ ಒಳಭಾಗವೊಂದರಲ್ಲಿಯೂ, ಶಬ್ದವನ್ನು ಮೊದಲು ಸ್ವೀಕರಿಸುವ ಹೊರಪದರದ ಎಡಭಾಗದಲ್ಲಿಯೂ ಈ ಹೊದಿಕೆಯು ಸರಾಸರಿಯಲ್ಲಿ ಕಡಿಮೆಯಿರುವ ಕುರುಹು ತೋರಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇವೆಲ್ಲ ಗುಂಪಿನ ಸರಾಸರಿಗಳು. ಭಾಷೆಯ ತೊಡಕಿರುವ ಎಲ್ಲ ಮಕ್ಕಳಲ್ಲಿಯೂ ಶಬ್ದಗ್ರಹಣದ ತೊಡಕು ಕಾಣುವುದಿಲ್ಲ. ಶಬ್ದಗ್ರಹಣದಲ್ಲಿ ಹಿಂದಿರುವ ಕೆಲವರು ಮಾತಿನಲ್ಲಿ ಮುಂದಿರುವುದೂ ಉಂಟು. ಶಬ್ದದ ತೊಡಕು ಅನೇಕ ಕಾರಣಗಳಲ್ಲಿ ಒಂದು. ಈ ದೋಷವು ಕೆಲವು ಕುಟುಂಬಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ಕಾಣುವುದರಿಂದ ಹುಟ್ಟಿನಿಂದ ಬರುವ ಅಂಶವೂ ಇದೆ. ತಾಯಿಯ ತಪ್ಪಿನಿಂದ ಇದು ಬರುವುದಿಲ್ಲ.

ಎರಡು ಭಾಷೆಗಳು ಕಾರಣವೆ?

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಕೆನಡಾದಲ್ಲಿ ಫ್ರೆಂಚ್ ಮತ್ತು ಇಂಗ್ಲಿಷ್ ಎರಡನ್ನೂ ಆಡುತ್ತ ಬೆಳೆದ, ಭಾಷಾದೋಷವುಳ್ಳ ಮಕ್ಕಳನ್ನು ಜೊಹಾನ್ ಪ್ಯಾರಡಿಸ್ ಮತ್ತು ಸಂಗಡಿಗರು ಪರೀಕ್ಷಿಸಿ ೨೦೦೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದೇ ಭಾಷೆಯಲ್ಲಿ ಬೆಳೆದ, ಅದೇ ದೋಷವುಳ್ಳ ಮಕ್ಕಳೊಡನೆ ಹೋಲಿಸಿದಾಗ ಇವರ ವ್ಯಾಕರಣದ ತಪ್ಪುಗಳು ಎರಡು ಭಾಷೆಗಳಲ್ಲಿಯೂ ಹೆಚ್ಚಾಗಿರಲಿಲ್ಲ. ಎರಡನೆಯ ಭಾಷೆಯು ದೋಷವನ್ನು ಹುಟ್ಟಿಸಲೂ ಇಲ್ಲ, ಹೆಚ್ಚಿಸಲೂ ಇಲ್ಲ. ಮುಂದಿನ ಅನೇಕ ಅಧ್ಯಯನಗಳು ಇದನ್ನೇ ಎತ್ತಿಹಿಡಿದಿವೆ.

ಆದುದರಿಂದ ಪೋಷಕರು ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮನೆಯಲ್ಲಿ ಕನ್ನಡವನ್ನು ಸಲೀಸಾಗಿ ಆಡುವ ಮಗುವು ತಮಿಳಿನಲ್ಲಿ ಮಾತ್ರ ತಡವರಿಸಿದರೆ, ಅದು ದೋಷವಲ್ಲ. ಹೊಸ ಭಾಷೆಯನ್ನು ಕಲಿಯುತ್ತಿರುವ ಸಹಜ ಸ್ಥಿತಿ. ಒಂದೇ ವಾಕ್ಯದಲ್ಲಿ ಎರಡು ಭಾಷೆಯ ಪದಗಳನ್ನು ಬೆರೆಸುವುದೂ ದೋಷವಲ್ಲ. ದೊಡ್ಡವರಾದ ನಾವೂ ದಿನವೂ ಹಾಗೆ ಬೆರೆಸುತ್ತೇವೆ. ನಿಜವಾದ ಭಾಷಾದೋಷವಿದ್ದರೆ ಅದು ಮನೆಮಾತಿನಲ್ಲಿಯೂ ಬೀದಿಮಾತಿನಲ್ಲಿಯೂ ಕಾಣುತ್ತದೆ. ಏಕೆಂದರೆ ತೊಡಕಿರುವುದು ಒಂದು ಭಾಷೆಯಲ್ಲಲ್ಲ. ಭಾಷೆಯನ್ನು ಕಲಿಯುವ ಯಂತ್ರದಲ್ಲಿ. ಮಗುವನ್ನು ತಮಿಳಿನಲ್ಲಿ ಮಾತ್ರ ಪರೀಕ್ಷಿಸಿ ತೀರ್ಪು ಹೇಳುವುದು ತಕ್ಕಡಿಯ ಒಂದೇ ತಟ್ಟೆಯನ್ನು ನೋಡಿ ತೂಕ ಹೇಳಿದಂತೆ.

ಮನೆಮಾತನ್ನು ನಿಲ್ಲಿಸಿದರೆ ಆಗುವ ನಷ್ಟವಂತೂ ದೊಡ್ಡದು. ಶಬ್ದವನ್ನು ಗ್ರಹಿಸಲು ಕಷ್ಟಪಡುವ ಮಗುವಿಗೆ ಬೇಕಾದುದು ಹೆಚ್ಚು ಮಾತು, ಸ್ಪಷ್ಟವಾದ ಮಾತು, ಪ್ರೀತಿಯ ಮಾತು. ತಾಯಿಗೆ ಚೆನ್ನಾಗಿ ಬಾರದ ಭಾಷೆಯಲ್ಲಿ ಅದನ್ನು ಕೊಡುವುದು ಹೇಗೆ? ಅಜ್ಜ ಅಜ್ಜಿಯರೊಡನೆ ಮಾತೇ ನಿಂತುಹೋಗುವುದೆಂಬುದು ಅದಕ್ಕೂ ಮಿಗಿಲಾದ ದುಃಖ.

ಪೋಷಕರು ಮಾಡಬೇಕಾದುದು

ಮೊದಲನೆಯದಾಗಿ, ಕಿವಿಯನ್ನು ಪರೀಕ್ಷೆ ಮಾಡಿಸಿರಿ. ನೆಗಡಿ ಪದೇಪದೇ ಬರುವ ಮಕ್ಕಳಲ್ಲಿ ತಮಟೆಯ ಹಿಂದೆ ದ್ರವವು ನಿಂತು ಕೇಳಿಕೆಯು ಮಂದವಾಗುವುದು ಸಾಮಾನ್ಯ. ನೋವಿಲ್ಲದೆಯೂ ಇದು ಇರಬಹುದು. ಇದಕ್ಕೆ ಚಿಕಿತ್ಸೆಯುಂಟು. ಕಿವಿಗೆ ಎಣ್ಣೆ ಬಿಡುವುದು, ಕಡ್ಡಿ ಹಾಕುವುದು ಬೇಡ.

ಎರಡನೆಯದಾಗಿ, ವಯಸ್ಸಿನ ಗುರುತುಗಳನ್ನು ಗಮನಿಸಿರಿ. ಒಂದು ವರ್ಷಕ್ಕೆ ಹೆಸರು ಕರೆದರೆ ತಿರುಗದಿರುವುದು, ಎರಡು ವರ್ಷವಾದರೂ ಎರಡು ಪದಗಳನ್ನು ಕೂಡಿಸಿ ಆಡದಿರುವುದು, ಮೂರು ವರ್ಷವಾದರೂ ಹೊರಗಿನವರಿಗೆ ಮಾತು ಬಹುಪಾಲು ತಿಳಿಯದಿರುವುದು, ಕಲಿತ ಮಾತು ಹಿಂದೆ ಸರಿಯುವುದು, ಇವನ್ನು ಕಂಡರೆ "ತಂದೆಯೂ ತಡವಾಗಿಯೇ ಮಾತನಾಡಿದನು" ಎಂದು ಕಾಯುತ್ತ ಕೂರಬಾರದು.

ಮೂರನೆಯದಾಗಿ, ತಜ್ಞರ ಬಳಿಗೆ ಹೋಗಿರಿ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅನ್ವಯ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳ ಮಕ್ಕಳ ತಪಾಸಣೆ ನಡೆಯುತ್ತದೆ. ಕೇಳಿಕೆಯ ದೋಷ, ಭಾಷೆಯ ವಿಳಂಬಗಳೂ ಅದರ ಪಟ್ಟಿಯಲ್ಲಿವೆ. ಮುಂದಿನ ಪರೀಕ್ಷೆಗೆ ಜಿಲ್ಲಾ ಮಟ್ಟದ ಕೇಂದ್ರಗಳೂ ಆ ಕಾರ್ಯಕ್ರಮದ ಅಂಗವಾಗಿವೆ. ತೇನಿ ಮತ್ತು ದಿಂಡಿಗಲ್ ಜಿಲ್ಲೆಗಳವರು ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ಇದನ್ನು ವಿಚಾರಿಸಬೇಕು. ಕನ್ನಡದಲ್ಲಿಯೇ ಪರೀಕ್ಷೆ ಬೇಕಾದವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ೧೯೬೫ರಲ್ಲಿ ಆರಂಭವಾದ ಈ ಸಂಸ್ಥೆಯು ಕಿವಿ ಮತ್ತು ಮಾತಿನ ತೊಂದರೆಗಳಿಗಾಗಿಯೇ ಮೀಸಲಾದುದು. ಡಾ. ಪ್ರತಿಭಾ ಕಾರಂತರು ಕನ್ನಡಕ್ಕಾಗಿಯೇ ಭಾಷಾ ಪರೀಕ್ಷೆಯನ್ನು ರೂಪಿಸಿದ್ದಾರೆ. ಪರೀಕ್ಷಕರಿಗೆ ಮನೆಯಲ್ಲಿ ಆಡುವ ಭಾಷೆ ಯಾವುದೆಂದು ಮರೆಯದೆ ತಿಳಿಸಿರಿ. ಅದನ್ನು ಹೇಳಲು ಸಂಕೋಚಪಡಬೇಡಿರಿ.

ನಾಲ್ಕನೆಯದಾಗಿ, ಶೀಘ್ರಫಲದ ಆಸೆಗೆ ಹಣ ಕಳೆಯಬೇಡಿರಿ. ಮಾತನ್ನು ನಿಧಾನಗೊಳಿಸಿ ಕೇಳಿಸುವ ಗಣಕಯಂತ್ರದ ಆಟಗಳು ೧೯೯೬ರಿಂದ ಹೆಸರು ಪಡೆದವು. ೨೦೦೮ರಲ್ಲಿ ೨೧೬ ಮಕ್ಕಳ ಮೇಲೆ ನಡೆಸಿದ ಹೋಲಿಕೆಯಲ್ಲಿ ಅಂತಹ ಆಟವಾಡಿದವರೂ, ಬೇರೆ ಬಗೆಯ ಪಾಠ ಪಡೆದವರೂ ಸರಿಸುಮಾರು ಒಂದೇ ಸಮನಾಗಿ ಮುಂದುವರಿದರು. ಯಂತ್ರಕ್ಕೆ ವಿಶೇಷವಾದ ಮಹಿಮೆಯೇನೂ ಕಾಣಲಿಲ್ಲ.

ಐದನೆಯದಾಗಿ, ಮನೆಯಲ್ಲಿ ಮಾತನಾಡಿರಿ. ಮಗುವಿನ ಮುಖವನ್ನು ನೋಡುತ್ತ, ಚಿಕ್ಕ ವಾಕ್ಯಗಳಲ್ಲಿ, ಬಿಡುವು ಕೊಟ್ಟು ಮಾತನಾಡಿರಿ. ಅದು "ಹಸು ಹೋಯ್ತು" ಎಂದರೆ "ಹೌದು, ಕರಿಯ ಹಸು ಹೊಲಕ್ಕೆ ಹೋಯಿತು" ಎಂದು ಬೆಳೆಸಿ ಹೇಳಿರಿ. ತಪ್ಪನ್ನು ಎತ್ತಿ ಆಡಬೇಡಿರಿ. ದೂರದರ್ಶನ, ಕೈಫೋನುಗಳ ಗದ್ದಲವನ್ನು ಆ ಹೊತ್ತಿನಲ್ಲಿ ನಿಲ್ಲಿಸಿರಿ. ಜೋಗುಳ, ಶಿಶುಪದ್ಯ, ಚಪ್ಪಾಳೆಯಾಟಗಳನ್ನು ಕೈಬಿಡಬೇಡಿರಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ಶಾಲೆಯಲ್ಲಿ ಪ್ರಸ್ತಾರ ಹಾಕುವುದಕ್ಕೆ ಎಷ್ಟೋ ಮೊದಲು ಮಗುವು ಆ ಲೆಕ್ಕವನ್ನು ತೊಟ್ಟಿಲ ತೂಗಾಟದಲ್ಲಿ ಕಲಿಯುತ್ತಿರುತ್ತದೆ. ತಾಳವು ಮಾತಿಗೆ ಊರುಗೋಲು.

ಬಾಲಕನ ವಿಷಯ

ಆ ಬಾಲಕನ ಕಿವಿಗಳು ಸರಿಯಾಗಿದ್ದವು. ಕನ್ನಡ ಬಲ್ಲ ತಜ್ಞೆಯೊಬ್ಬರು ಅವನನ್ನು ಎರಡು ಭಾಷೆಗಳಲ್ಲಿಯೂ ಪರೀಕ್ಷಿಸಿದರು. ತೊಡಕು ಎರಡರಲ್ಲಿಯೂ ಇತ್ತು. ಅವರು ತಾಯಿಗೆ ಬರೆದುಕೊಟ್ಟ ಮೊದಲ ಸಲಹೆ "ಮನೆಯಲ್ಲಿ ಕನ್ನಡದಲ್ಲಿಯೇ ಮಾತನಾಡಿರಿ" ಎಂಬುದು. ಆ ಕಾಗದವನ್ನು ಓದಿ ಹೇಳಿದಾಗ ಆಕೆ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಹಾಗಾದರೆ ಇವತ್ತು ರಾತ್ರಿ ಕಥೆ ಹೇಳಬಹುದೇ ಅಯ್ಯಾ?" ಎಂದು ಕೇಳಿದರು.

ನಮ್ಮ ಶಾಲೆಯಲ್ಲಿಯೂ ಕೆಲವು ಬದಲಾವಣೆಗಳಾದವು. ಅವನನ್ನು ಮುಂದಿನ ಸಾಲಿಗೆ ಕರೆದುಕೊಂಡೆವು. ಮೂರು ಕೆಲಸಗಳನ್ನು ಒಟ್ಟಿಗೆ ಹೇಳುವ ಬದಲು ಒಂದೊಂದಾಗಿ ಹೇಳತೊಡಗಿದೆವು. ಉತ್ತರಕ್ಕೆ ಕಾಯುವುದನ್ನು ಕಲಿತೆವು. ಅದು ಅವನಿಗಿಂತ ನಮಗೇ ಕಷ್ಟವಾಯಿತು. ಈಗ ಅವನು ಐದನೆಯ ತರಗತಿಯಲ್ಲಿದ್ದಾನೆ. ಓದು ಇನ್ನೂ ನಿಧಾನ. ಉದ್ದದ ವಾಕ್ಯದಲ್ಲಿ ಇಂದಿಗೂ ಎಡವುತ್ತಾನೆ. ಆದರೆ ಕಳೆದ ವಾರ್ಷಿಕೋತ್ಸವದಲ್ಲಿ ಕೋಲಾಟದ ಮೇಳದಲ್ಲಿ ಒಂದು ಪೆಟ್ಟೂ ತಪ್ಪದೆ ಕೋಲು ಹಾಕಿದನು. ಮುಗಿದ ಮೇಲೆ ವೇದಿಕೆಯಿಂದಿಳಿದು ಬಂದು, ಮೊದಲು ಕನ್ನಡದಲ್ಲಿ ಅಜ್ಜಿಗೂ, ಆಮೇಲೆ ತಮಿಳಿನಲ್ಲಿ ನೆರೆಮನೆಯ ಗೆಳೆಯನಿಗೂ ಅದರ ಕಥೆಯನ್ನೆಲ್ಲ ಹೇಳಿದನು.

ವಿದ್ಯಾರ್ಥಿಗಳೇ, ನಿಮ್ಮ ಪಕ್ಕದಲ್ಲಿ ಕುಳಿತ ಗೆಳೆಯನು ಉತ್ತರ ಹೇಳಲು ತಡಮಾಡಿದರೆ ನಗಬೇಡಿರಿ. ಅವನ ಕಿವಿಗೆ ಬಿದ್ದ ಮಾತು ಇನ್ನೂ ದಾರಿಯಲ್ಲಿರಬಹುದು. ಸ್ವಲ್ಪ ಕಾಯಿರಿ. ಪೋಷಕರೇ, ಮಗುವಿನ ಮಾತು ತಡವಾದರೆ ಮನೆಮಾತಿನ ಬಾಗಿಲನ್ನು ಮುಚ್ಚಬೇಡಿರಿ. ಇನ್ನಷ್ಟು ಅಗಲವಾಗಿ ತೆರೆಯಿರಿ.

ಅಭ್ಯಾಸ

೧. ಶಬ್ದವು ಕಿವಿಯ ತಮಟೆಯಿಂದ ಮಿದುಳಿನ ಹೊರಪದರದವರೆಗೆ ಸಾಗುವ ದಾರಿಯ ಚಿತ್ರವನ್ನು ಬರೆದು, ನಿಲ್ದಾಣಗಳನ್ನು ಹೆಸರಿಸಿರಿ.

೨. ಒಂದೇ ಧ್ವನಿಯ ಭೇದದಿಂದ ಅರ್ಥ ಬದಲಾಗುವ ಹತ್ತು ಜೋಡಿ ಕನ್ನಡ ಪದಗಳನ್ನು ಹಿರಿಯರನ್ನು ಕೇಳಿ ಬರೆಯಿರಿ.

೩. ಹೊಸ ಭಾಷೆಯನ್ನು ಕಲಿಯುತ್ತಿರುವ ಮಗುವಿಗೂ ಭಾಷಾದೋಷವಿರುವ ಮಗುವಿಗೂ ಇರುವ ವ್ಯತ್ಯಾಸವೇನು?

೪. ನಿಮ್ಮ ಮನೆಯಲ್ಲಿ ಅಜ್ಜಿ ಹಾಡುವ ಒಂದು ಜೋಗುಳವನ್ನು ಕೇಳಿ ಕಲಿತು, ತಾಳ ಹಾಕುತ್ತ ತರಗತಿಯಲ್ಲಿ ಹಾಡಿರಿ.